ಅಳಿಸಬಾರದ ಶುಭಾಶಯ

ನನ್ನ ಮದುವೆ ನಿಶ್ಚಯವಾದ ಸುದ್ದಿ ನನಗೆ ಟೀವಿಯಲ್ಲಿ ಗೊತ್ತಾಯಿತು. ನಮ್ಮೂರು ಸಿಂಧನೂರಿನ ಒಂದು ಟೇಲರ್ ಅಂಗಡಿಯಲ್ಲಿ ತೋಳಿನ ಅಳತೆ ಕೊಡಲು ಕೈ ಚಾಚಿ ನಿಂತಿದ್ದೆ. ಗೋಡೆಯ ಮೇಲಿನ ಟೀವಿಯಲ್ಲಿ ನಮ್ಮ ಭಾಗದ ಕೇಬಲ್ ಚಾನೆಲ್ಲು ಭಕ್ತಿಗೀತೆ ಹಾಡುತ್ತಿತ್ತು. ಕೆಳಗೆ ಹಳದಿ ಅಕ್ಷರಗಳ ಸಾಲು ಬಲದಿಂದ ಎಡಕ್ಕೆ ಸರಿಯುತ್ತಿತ್ತು. ಹಲ್ಲಿನ ದವಾಖಾನೆಯ ವೇಳೆ, ಮೋಟರ್ ರಿಪೇರಿ, ಯಾರದೋ ಮಗುವಿನ ಹುಟ್ಟುಹಬ್ಬ. ಅದರ ಹಿಂದೆಯೇ ನನ್ನ ಹೆಸರು ಬಂತು. ಹೆಸರಿನ ಹಿಂದೆ ನನ್ನ ಎಂ.ಎಸ್ಸಿ., ಅದರ ಹಿಂದೆ ಮಸ್ಕಿಯ ದನದ ಡಾಕ್ಟರೊಬ್ಬರ ಹೆಸರು, ಕೊನೆಗೆ ‘ಇವರ ವಿವಾಹ ನಿಶ್ಚಯವಾದ ಪ್ರಯುಕ್ತ ಹಾರ್ದಿಕ ಶುಭಾಶಯಗಳು. ಕೋರುವವರು: ಕಾಕಾ, ಕಾಕಿ ಮತ್ತು ಸಮಸ್ತ ಕೇಬಲ್ ಬಳಗ.’

ನನ್ನ ಕೈ ತಾನಾಗಿ ಕೆಳಗಿಳಿಯಿತು.

“ಕೈ ಇಳಸಬ್ಯಾಡವ್ವಾ, ಅಳತಿ ತಪ್ಪತೈತಿ,” ಎಂದಳು ಟೇಲರ್ ಹೆಂಗಸು. ಟೀವಿಯ ಕಡೆ ನೋಡಿ, ನನ್ನ ಕಡೆ ನೋಡಿ, ಟೇಪನ್ನು ಕೊರಳಿಗೆ ಹಾಕಿಕೊಂಡಳು. “ಏನ್ ಗಟ್ಟಿ ಹುಡಿಗಿ ಅದಿಯಬೇ! ಬರೇ ಒಂದು ಬ್ಲೌಸ್ ಅಂದಿ. ಮದಿವಿ ಬ್ಲೌಸ್ ಅಂತ ಹೇಳಿದ್ರ ನಾ ಏನು ಕಸಗೋತಿದ್ನೇನು?”

ನಡೆದದ್ದು ಇಷ್ಟು. ಹಿಂದಿನ ವಾರ ಆ ಡಾಕ್ಟರು ತಮ್ಮ ತಂದೆ ತಾಯಿಯ ಜೊತೆ ನಮ್ಮ ಮನೆಗೆ ಕನ್ಯೆ ನೋಡಲು ಬಂದಿದ್ದರು. ಮಂಡಕ್ಕಿಯ ಸುಸಲ ತಿಂದರು. ಎಲ್ಲರೂ ನನ್ನ ಬಗ್ಗೆ ನನ್ನ ಅಪ್ಪನನ್ನು ಕೇಳುತ್ತಿದ್ದಾಗ ಅವರೊಬ್ಬರೇ ನನ್ನನ್ನು ಕೇಳಿದರು: “ನಿಮಗ ಏನರ ಕೇಳೂದೈತೇನ್ರಿ?” ಇಲ್ಲ ಎಂದೆ. “ಹಂಗಾರ ನಿಮ್ಮ ವಿಚಾರ?” ಎಂದರು. “ಯೋಚನಿ ಮಾಡಿ ಹೇಳತೀನ್ರಿ,” ಎಂದೆ. ನಾನು ಸಂಖ್ಯಾಶಾಸ್ತ್ರ ಓದಿದವಳು, ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ. ಯೋಚನೆ ಮಾಡಿ ಹೇಳುತ್ತೇನೆ ಎಂದರೆ ಯೋಚನೆ ಮಾಡಿ ಹೇಳುತ್ತೇನೆ ಎಂದೇ ಅರ್ಥ. ಆದರೆ ನಮ್ಮ ಮನೆತನದಲ್ಲಿ ಹುಡುಗಿ ಅಷ್ಟು ಹೇಳಿದರೆ ಹೂಂ ಅಂದಳು ಎಂದು ಸಕ್ಕರೆ ಹಂಚುವ ರೂಢಿ. ಅಪ್ಪ ಅವ್ವ ಸಕ್ಕರೆ ಹಂಚದೆ ಸುಮ್ಮನಿದ್ದರು. ಲಿಂಗಸುಗೂರಿನಲ್ಲಿ ಕೇಬಲ್ ನಡೆಸುವ ಕಾಕಾ, ಅಪ್ಪನ ತಮ್ಮ, ಸುಮ್ಮನಿರಲಿಲ್ಲ. ಅವನ ಕೇಬಲ್ಲು ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಊರುಗಳಿಗೆ ಹರಿಯುತ್ತದೆ.

ಡಾಕ್ಟರ ಬಗ್ಗೆ ನನಗೆ ಯಾವ ದೂರೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ. ಉತ್ತರ ಯಾವುದಾದರೂ ಇರಲಿ, ಅದನ್ನು ಕೇಳಿದವರಿಗೆ ನಾನೇ ಹೇಳಬೇಕು. ಅವರ ನಂಬರು ನನ್ನ ಬಳಿ ಇರಲಿಲ್ಲ. ಅವರ ತಂದೆಯ ನಂಬರು ನನ್ನ ತಂದೆಯ ಬಳಿ ಇತ್ತು. ಈಗ ನನ್ನ ಉತ್ತರ ನನಗಿಂತ ಮೊದಲೇ ಮಸ್ಕಿ ತಲುಪಿ, ಮನೆಮನೆಯ ಟೀವಿಯಲ್ಲಿ ಓಡಾಡುತ್ತಿತ್ತು.

ಅಂಗಡಿಯ ಹೊರಗೆ ಬಂದು ಕಾಕಾನಿಗೆ ಫೋನ್ ಮಾಡಿದೆ.

“ಕಾಕಾ, ಅದನ್ನ ತಗೀ.”

“ಯಾಕವಾ, ಹೆಸರು ತಪ್ಪ ಬಿದ್ದೈತೇನು?”

“ನಾ ಇನ್ನೂ ಹೂಂ ಅಂದಿಲ್ಲ.”

ಕಾಕಾ ದನಿ ತಗ್ಗಿಸಿ ಹೇಳಿದ: “ತಗ್ಯಾಕ ಬರೂದಿಲ್ಲವಾ. ಮುಂಜಾನಿಂದ ಕಂಪ್ಯೂಟರ್ ಏನು ಬರದ್ರೂ ಜಾಗಾ ಇಲ್ಲ ಅನ್ನಾಕತ್ತೈತಿ. ನಿನ್ನ ಶುಭಾಶಯಕ್ಕ ಬರೋಬರಿ ತುಂಬೇತಿ ನೋಡು. ಶುಭ ಶಕುನ!”

ಮರುದಿನ ಲಿಂಗಸುಗೂರಿನ ಬಸ್ಸು ಹತ್ತಿದೆ. ಆ ಬಸ್ಸು ಮಸ್ಕಿಯ ಮೂಲಕವೇ ಹೋಗಬೇಕು. ಮಸ್ಕಿ ಸ್ಟ್ಯಾಂಡಿನಲ್ಲಿ ಅದು ನಿಂತಷ್ಟು ಹೊತ್ತೂ ನಾನು ಸೆರಗಿಲ್ಲದ್ದಕ್ಕೆ ಮುಖದ ಮೇಲೆ ದುಪಟ್ಟಾ ಎಳೆದುಕೊಂಡು ಮೊಬೈಲ್ ನೋಡುತ್ತ ಕೂತೆ.

ಕಾಕಾನ ಕಚೇರಿ ಅವನ ಮನೆಯ ಮುಂದಿನ ಖೋಲಿ. ಅಲ್ಲಿ ವೈರುಗಳ ನಡುವೆ ಒಂದು ಮೇಜು, ಮೇಜಿನ ಮೇಲೆ ನನ್ನ ವಯಸ್ಸನ್ನು ಮೀರಿದ ಕಂಪ್ಯೂಟರು. ಒಂದು ಕಾಲಕ್ಕೆ ಬಿಳಿ ಇದ್ದ ಪೆಟ್ಟಿಗೆ ಈಗ ಹಳೆಯ ಹಲ್ಲಿನ ಬಣ್ಣಕ್ಕೆ ಬಂದಿತ್ತು. ಅದರಲ್ಲಿ ಡಾಸ್ ಓಡುತ್ತಿತ್ತು. ಮೌಸಿಲ್ಲ, ಚಿತ್ರಗಳಿಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆ ಟೈಪು ಮಾಡಿದರೆ ಮಾಡುತ್ತದೆ, ತಪ್ಪಿದರೆ ತಪ್ಪು ಅನ್ನುತ್ತದೆ. ವಿಶ್ವವಿದ್ಯಾಲಯದಲ್ಲಿ ನಾವು ಅದನ್ನು ಅರ್ಧ ಪುಟದಲ್ಲಿ ಓದಿ ಮುಂದೆ ಹೋಗಿದ್ದೆವು. ಆ ಡಾಸ್‌ನಲ್ಲಿ ಓಡುವ ಒಂದು ಪ್ರೋಗ್ರಾಮು ಕನ್ನಡ ಅಕ್ಷರಗಳನ್ನು ಸಾಲಾಗಿ ಹರಿಸುತ್ತಿತ್ತು. ಪೆಟ್ಟಿಗೆಯೊಳಗಿನ ಒಂದು ಕಾರ್ಡು ಆ ಸಾಲನ್ನು ಟೀವಿ ಚಿತ್ರದ ಮೇಲೆ ಕೂಡಿಸುತ್ತಿತ್ತು. ಆ ಕಾರ್ಡು ಹೊಸ ಕಂಪ್ಯೂಟರುಗಳಿಗೆ ಹೊಂದುವುದಿಲ್ಲವಾದ್ದರಿಂದ ಕಾಕಾ ಹಳೆಯದನ್ನೇ ಸಾಕಿಕೊಂಡಿದ್ದ.

“ಬಂದ್ ಮಾಡಿಬಿಡು,” ಎಂದೆ.

“ಬಂದ್ ಮಾಡಿದ್ರ ಎಬ್ಬಸವರ್ಯಾರು? ಒಳಗಿನ ಬ್ಯಾಟ್ರಿ ಸತ್ತೈತಿ. ಆರಿಸಿದ್ರ ತನ್ನ ಹೆಸರ ತನಗ ನೆನಪಿರೂದಿಲ್ಲ.” ಅದಕ್ಕಾಗಿ ಅವನು ಟ್ರ್ಯಾಕ್ಟರಿನ ಬ್ಯಾಟರಿ ಹಚ್ಚಿ ಅದನ್ನು ಕರೆಂಟು ಹೋದಾಗಲೂ ಎಚ್ಚರವಾಗಿಟ್ಟಿದ್ದ. ಆಯುಧಪೂಜೆಯ ದಿನವೂ ಓಡುತ್ತಿರುವಾಗಲೇ ಅದಕ್ಕೆ ವಿಭೂತಿ ಹಚ್ಚುತ್ತಾರೆ.

ಕೀಬೋರ್ಡ್ ನೋಡಿ ನಾನು ಬಗ್ಗಿದೆ. ಡಿಲೀಟ್ ಕೀಲಿಯ ಮೇಲೆ ದೊಡ್ಡದೊಂದು ಕೆಂಪು ಸ್ಟಿಕರ್ ಬಿಂದಿ ಅಂಟಿಸಿತ್ತು.

“ಇದೇನು?”

“ನಿಮ್ಮ ಕಾಕಿ,” ಎಂದ ಕಾಕಾ.

ಕಾಕಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಬಂದವಳೇ ನನ್ನ ಗಲ್ಲ ಹಿಡಿದು, “ನಮ್ಮ ಡಾಕ್ಟರಮ್ಮ!” ಎಂದಳು. ನಾನು ಅದನ್ನು ತಿದ್ದುವ ಬದಲು ಓಡುವ ಪ್ರೋಗ್ರಾಮಿನೊಳಗಿಂದಲೇ ಕಡತಗಳ ಪಟ್ಟಿ ತೆಗೆದು ನೋಡಿದೆ. ಕಾಕಾ ಒಂದೊಂದು ಸಂದೇಶಕ್ಕೂ ಒಂದೊಂದು ಕಡತ ಮಾಡಿದ್ದ. ಯಾವುದನ್ನು ಓಡಿಸಬೇಕು ಎಂಬುದಕ್ಕೆ ಬೇರೆ ಪಟ್ಟಿ. ನನ್ನದನ್ನು ಆ ಪಟ್ಟಿಯಿಂದ ತೆಗೆಯುವುದು ಸುಲಭ. ಆದರೆ ಬದಲಾದ ಪಟ್ಟಿಯನ್ನು ಬರೆದಿಟ್ಟುಕೊಳ್ಳಲು ಡಿಸ್ಕಿನಲ್ಲಿ ಜಾಗವಿರಲಿಲ್ಲ. ಜಾಗವಿಲ್ಲದಿದ್ದರೆ ಯಂತ್ರ ಹಳೆಯ ಪಟ್ಟಿಯನ್ನೇ ಹಿಡಿದುಕೊಂಡು ಓಡುತ್ತದೆ. ಈಗ ಓಡುತ್ತಿರುವುದನ್ನು ಅಳಿಸಲು ಅದು ಬಿಡುವುದಿಲ್ಲ. ಓಡಿ ಮುಗಿದ ಜಾಹೀರಾತುಗಳನ್ನೂ ಶ್ರದ್ಧಾಂಜಲಿಗಳನ್ನೂ ಕಾಕಾ ಆಗಿಂದಾಗ ಅಳಿಸಿದ್ದ. ಉಳಿದಿದ್ದವು ಬರೀ ಶುಭಾಶಯಗಳು. ಕೇಬಲ್ ಶುರುವಾದಂದಿನಿಂದ ಮೂರು ಊರುಗಳಲ್ಲಿ ಯಾರ ಮಗು ಹುಟ್ಟಿದರೂ, ಯಾರ ಕೂಸಿನ ಜಾವಳದ ಕೂದಲು ತೆಗೆದರೂ, ಯಾರು ಹತ್ತನೇ ಇಯತ್ತೆ ಪಾಸಾದರೂ, ಯಾರು ಹೊಸ ಟ್ರ್ಯಾಕ್ಟರ್ ತಂದರೂ ಎಲ್ಲವೂ ಅಲ್ಲಿದ್ದವು.

“ಕಾಕಾ, ಇವನ್ನ ಯಾಕ ಅಳಸಿಲ್ಲ?”

ಕಾಕಿ ಎದೆಯ ಮೇಲೆ ಕೈ ಇಟ್ಟುಕೊಂಡಳು. “ಶುಭಾ ಅಂತ ಬರಸ್ಯಾರ ಮಂದಿ. ಅಳಸು ಅನ್ನಾಕ ನಾಲಿಗಿ ಹೆಂಗ ಬರತೈತವಾ ನಿನಗ? ಬಳಿ ಒಡದ್ರ ಹೆಚ್ಚಾದುವು ಅಂತೀವಿ. ದೀಪಾ ಆರಿದ್ರ ಶಾಂತ ಆತು ಅಂತೀವಿ. ಶುಭದ್ದು ಅಳಸೂದಂದ್ರ ಏನು, ಹಣಿ ಮ್ಯಾಗಿನ ಕುಂಕುಮ ಒರಸಿಧಂಗ. ಅದಕ್ಕ ಆ ಗುಂಡಿಗೇ ಕುಂಕುಮ ಹಚ್ಚೀನಿ.”

“ಕಾಕಿ, ಇವೆಲ್ಲಾ ಯಾವಾಗಿನವೋ. ಈ ಹುಟ್ಟುಹಬ್ಬದ ಕೂಸು ಈಗ ನನ್ನ ಕ್ಲಾಸಿನ್ಯಾಗ ಕೂಡತಾನ.”

“ಮತ್ತ? ಚಲೋ ಬೆಳದಾನಲ್ಲ? ಅಳಸಿದ್ರ ಬೆಳೀತಿದ್ನೇನು?”

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆ. ಕಾಕಿಯ ಎದುರು ಕಾಕಾನೇ ಗೆದ್ದಿಲ್ಲ.

ಆದರೆ ಪಟ್ಟಿಯನ್ನು ನೋಡುವಾಗ ಒಂದು ವಿಷಯ ಕಂಡಿತ್ತು. ಹಳೆಯ ಡಾಸ್ ತನ್ನ ಡಿಸ್ಕನ್ನು ಒಂದೇ ಅಳತೆಯ ಖಾನೆಗಳಾಗಿ ಹಂಚಿಕೊಂಡಿರುತ್ತದೆ. ಕಡತ ಎಷ್ಟೇ ಚಿಕ್ಕದಿರಲಿ, ಅದಕ್ಕೆ ಒಂದು ಇಡೀ ಖಾನೆ. ‘ಜಾವಳದ ಶುಭಾಶಯ’ ಎಂಬ ಒಂದು ಸಾಲಿಗೂ ಇಡೀ ಖಾನೆ. ಎಂದರೆ ಡಿಸ್ಕಿನ ಬಹುಪಾಲು ತುಂಬಿದ್ದು ಶುಭಾಶಯದಿಂದಲ್ಲ, ಅದರ ಸುತ್ತಲಿನ ಗಾಳಿಯಿಂದ. ಎಲ್ಲವನ್ನೂ ಒತ್ತಿ ಒಂದೇ ಗಂಟು ಕಟ್ಟಿದರೆ ಯಾವುದನ್ನೂ ಕಳೆದುಕೊಳ್ಳದೆ ಜಾಗ ಸಿಗುತ್ತದೆ.

“ಕಾಕಿ, ಅಳಸೂದಿಲ್ಲ. ಮಡಚಿ ಇಡತೀನಿ. ಸೀರಿ ಮಡಚಿ ಟ್ರಂಕಿನ್ಯಾಗ ಇಡಂಗಿಲ್ಲೇನು, ಹಂಗ.”

ಕಾಕಿ ಯೋಚಿಸಿದಳು. “ಬೇಕಾದಾಗ ಬಿಚ್ಚಾಕ ಬರತೈತೇನು?”

“ಬರತೈತಿ.”

“ಮಡಿಕಿ ಬಿದ್ದಲ್ಲೆ ಹರಿದು ಹಾಳಾಗಂಗಿಲ್ಲಲ್ಲ?”

“ಒಂದಕ್ಷರ ಹಾಳಾಗಂಗಿಲ್ಲ.”

“ಹಂಗಾರ ಮಡಚು.”

ಮಡಚುವ ಪ್ರೋಗ್ರಾಮು ಬೇಕಿತ್ತು. ಸಿಂಧನೂರಿಗೆ ಮರಳಿ ಹುಡುಕಲು ಕೂತೆ. ಹಳೆಯ ಡಾಸ್ ಕಂಪ್ಯೂಟರುಗಳನ್ನು ಇಂದಿಗೂ ಓಡಿಸುವ ಜನ ಜಗತ್ತಿನಲ್ಲಿ ಅಲ್ಲಲ್ಲಿ ಇದ್ದಾರೆ. ಅವರಿಗಾಗಿ ಯಾರೋ ಒಬ್ಬರು ಉಪಯೋಗಕ್ಕೆ ಬರುವ ಸಣ್ಣ ಪ್ರೋಗ್ರಾಮುಗಳನ್ನು ಒಂದು ಜಾಲತಾಣದಲ್ಲಿ ಕೂಡಿಹಾಕಿದ್ದರು. ತಾಣಕ್ಕೆ ಬಣ್ಣವಿಲ್ಲ, ಚಿತ್ರವಿಲ್ಲ. ಒಂದೊಂದನ್ನೂ ತಾವೇ ಓಡಿಸಿ ನೋಡಿ, ಎರಡೆರಡು ಸಾಲು ಬರೆದಿದ್ದರು: ಇದು ಕಳೆದ ಕಡತ ಹುಡುಕುತ್ತದೆ. ಇದು ಪರದೆಯ ಮೂಲೆಯಲ್ಲಿ ಗಡಿಯಾರ ತೋರಿಸುತ್ತದೆ. ಇದು ಕೆಟ್ಟ ಕೀಲಿಯ ಕೆಲಸವನ್ನು ಒಳ್ಳೆಯ ಕೀಲಿಗೆ ಒಪ್ಪಿಸುತ್ತದೆ. ಇದು ಚೆನ್ನಾಗಿದೆ ಆದರೆ ನಿಧಾನ. ಇದು ಕೆಲಸ ಮಾಡುತ್ತದೆ, ಯಾಕೆಂದು ನನಗೆ ತಿಳಿದಿಲ್ಲ.

ಹುಡುಕಿದ್ದು ಸಿಕ್ಕ ಮೇಲೂ ನಾನು ಓದುತ್ತಲೇ ಇದ್ದೆ. ನನಗೆ ಆ ಪ್ರೋಗ್ರಾಮುಗಳ ಸ್ವಭಾವ ಹಿಡಿಸಿತು. ನನ್ನ ಮೊಬೈಲಿನಲ್ಲಿರುವ ಆಪ್‌ಗಳು ನಾನೆಲ್ಲಿದ್ದೇನೆ, ನನಗೆ ಯಾರು ಗೊತ್ತು, ನನಗೇನು ಬೇಕು ಎಂದು ಕೇಳುತ್ತಲೇ ಇರುತ್ತವೆ. ನಮ್ಮ ಓಣಿಯ ಹೆಂಗಸರ ಹಾಗೆ. ಇವು ಏನನ್ನೂ ಕೇಳುವುದಿಲ್ಲ. ಹೇಳಿದ ಒಂದು ಕೆಲಸ ಮಾಡುತ್ತವೆ, ಮುಗಿಯಿತು ಎಂದು ಒಂದು ಸಾಲು ಬರೆಯುತ್ತವೆ, ಸುಮ್ಮನಾಗುತ್ತವೆ.

ಪ್ರೋಗ್ರಾಮು ಸಿಕ್ಕರೂ ಅದನ್ನು ಆ ಯಂತ್ರದೊಳಗೆ ದಾಟಿಸಲು ಅಂಗೈಯಗಲದ ಚೌಕ ಫ್ಲಾಪಿ ಡಿಸ್ಕೊಂದೇ ದಾರಿ. ಫ್ಲಾಪಿಗಳು ಕಾಕಾನ ಬಳಿ ಇದ್ದವು. ಚಹಾದ ಕಪ್ಪು ಇಡಲು ಬಳಸುತ್ತಿದ್ದ. ನನ್ನ ಲ್ಯಾಪ್‌ಟಾಪಿನಿಂದ ಅವುಗಳಿಗೆ ಬರೆಯುವ ಸಾಧನವನ್ನು ಆನ್‌ಲೈನಿನಲ್ಲಿ ತರಿಸಬೇಕಾಯಿತು. ಅದು ಬರುವತನಕ ಶುಭಾಶಯ ಓಡಿತು.

ಆ ದಿನಗಳಲ್ಲಿ ನನಗೆ ಅಭಿನಂದನೆ ಹೇಳದವರು ಊರಲ್ಲಿ ಉಳಿಯಲಿಲ್ಲ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಪೇಡೆ ಕೇಳಿದರು. ಕೊಡಲಿಲ್ಲವೆಂದು ಅವರೇ ತರಿಸಿ ನನಗೆ ತಿನ್ನಿಸಿದರು. ಮುಕ್ಕುಂದದಿಂದ ದೂರದ ಅತ್ತೆಯೊಬ್ಬಳು ಹೊಸ ಭತ್ತದ ಅಕ್ಕಿಯ ಚೀಲ ಹೊರಿಸಿಕೊಂಡು ಬಂದು, “ಊಟದ ಅಕ್ಕಿ ನಂದು, ಯಾರ್ನೂ ಕೇಳಬ್ಯಾಡ್ರಿ,” ಎಂದು ಅಡುಗೆಮನೆಯಲ್ಲಿ ಇಳಿಸಿ ಹೋದಳು. ಕೊರಿಯರ್ ತಂದ ಹುಡುಗಿ ಸಹಿ ಹಾಕಿಸಿಕೊಳ್ಳುತ್ತ ಪೊಟ್ಟಣವನ್ನು ಅಲ್ಲಾಡಿಸಿ, “ಮದಿವಿ ಸಾಮಾನೇನ್ರಿ?” ಎಂದಳು. ಅವ್ವ ಮಾತ್ರ ಒಮ್ಮೆ ರೊಟ್ಟಿ ಬಡಿಯುತ್ತ, ನನ್ನ ಕಡೆ ತಿರುಗದೆ ಹೇಳಿದಳು: “ಇಷ್ಟ ಮಂದಿ ನೋಡಿದ ಮ್ಯಾಲ ಒಲ್ಲೆ ಅಂದ್ರ ಅವರ ಮನಿಗೆ ಅವಮಾನ. ಹೂಂ ಅಂದ್ರ ನಿನಗ ಸಿಟ್ಟು. ಏನು ಮಾಡ್ತಿ?”

“ಮೊದಲ ಅದನ್ನ ತಗೀತೀನಿ,” ಎಂದೆ.

ಒಂದು ಶನಿವಾರ ಮುಂಜಾನೆ ಫ್ಲಾಪಿ ಹಿಡಿದು ಕಾಕಾನ ಕಚೇರಿಗೆ ಹೋದೆ. ಓಡುವ ಪ್ರೋಗ್ರಾಮಿನಿಂದ ಹೊರಗೆ ಬಂದೆ. ಕಪ್ಪು ಪರದೆ, ಒಂದು ಮಿಣುಕುವ ಗೆರೆ. ಆಜ್ಞೆ ಟೈಪು ಮಾಡಿದೆ. ಒಂದು ಅಕ್ಷರ ತಪ್ಪಿತು. ತಪ್ಪು ಎಂದು ಯಂತ್ರ ಬರೆಯಿತು. ಮತ್ತೆ ಮಾಡಿದೆ. ಆಗ ಕಾಕಾನ ಫೋನು ಬಡಿಯಿತು.

“ಹಲೋ... ಹೌದ್ರಿ... ಏನು? ಇಂಗ್ಲಿಷೇನ್ರಿ?” ಕಾಕಾ ನನ್ನ ಕಡೆ ನೋಡಿದ. “ಪರಮಾತ್ಮನ ಹಾಡಿನ ಕೆಳಗ ಬ್ಯಾಡ್ ಕಮ್ಯಾಂಡ್ ಅಂತ ಬರಾಕತ್ತೈತಂತ.”

ನನ್ನ ಬೆರಳುಗಳು ಕೀಲಿಗಳ ಮೇಲೆ ಹಾಗೇ ನಿಂತವು. ಆ ಕಾರ್ಡು ಪ್ರೋಗ್ರಾಮಿನ ಸಾಲನ್ನು ಮಾತ್ರವಲ್ಲ, ಪ್ರೋಗ್ರಾಮಿನಿಂದ ಹೊರಬಂದಾಗ ಆ ಯಂತ್ರದ ಪರದೆಯ ಮೇಲಿರುವ ಏನನ್ನಾದರೂ ಟೀವಿಗೆ ಕಳಿಸುತ್ತಿತ್ತು. ಎಂದರೆ ನಾನು ಟೈಪು ಮಾಡುವ ಒಂದೊಂದು ಅಕ್ಷರವೂ, ತಪ್ಪೂ ತಿದ್ದುಪಡಿಯೂ, ಮೂರು ಊರಿನ ಪಡಸಾಲೆಗಳಲ್ಲಿ ಮೂಡುತ್ತಿತ್ತು. ನನ್ನ ಡೈರಿಯನ್ನು ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಓದಿದಂತಾಯಿತು.

ಆದರೆ ಅರ್ಧಕ್ಕೆ ಬಿಡುವಂತಿರಲಿಲ್ಲ. ಉಸಿರು ಹಿಡಿದು, ಆದಷ್ಟು ಅಚ್ಚುಕಟ್ಟಾಗಿ ಟೈಪು ಮಾಡಿ, ಎಂಟರ್ ಒತ್ತಿದೆ. ಪ್ರೋಗ್ರಾಮು ಕೆಲಸ ಶುರುಮಾಡಿತು. ಕಡತಗಳ ಹೆಸರು ಒಂದರ ಹಿಂದೊಂದು ಪರದೆಯ ಮೇಲೆ ಏರತೊಡಗಿದವು. ಕಾಕಾ ಅವನ್ನು ಜನರ ಹೆಸರಲ್ಲೇ ಉಳಿಸಿದ್ದ, ಹೆಸರಿನ ಮೊದಲ ಎಂಟು ಅಕ್ಷರ ಇಂಗ್ಲಿಷಿನಲ್ಲಿ. ಕಾಕಿ ನನ್ನ ಹೆಗಲ ಹಿಂದೆ ನಿಂತು ಕಾವಲು ಕಾಯುತ್ತಿದ್ದಳು.

“ಆ ಹೆಸರಿನ ಮುಂದ ಏನ್ ಬರಿಯಾಕತ್ತೈತಿ?”

“ಸರಸಾಕತ್ತೀನಿ ಅಂತ.”

ಅದು ನಿಜ. ಪ್ರೋಗ್ರಾಮು ಗಂಟಿಗೆ ಸೇರಿಸಿದ ಮೇಲೆ ಮೂಲ ಕಡತವನ್ನು ತಾನೇ ತೆಗೆದುಹಾಕುತ್ತದೆ. ಆದರೆ ಅದನ್ನು ಬರೆದ ಪುಣ್ಯಾತ್ಮ ಆ ಕೆಲಸಕ್ಕೆ ‘ಸರಿಸುವುದು’ ಎಂಬ ಪದವನ್ನೇ ಆರಿಸಿಕೊಂಡಿದ್ದ. ಅವನ ಮನೆಯಲ್ಲೂ ಒಬ್ಬ ಕಾಕಿ ಇದ್ದಿರಬೇಕು.

ಫೋನು ಬಡಿಯುತ್ತಲೇ ಇತ್ತು. ಈಗ ಯಾರೂ ದೂರುತ್ತಿರಲಿಲ್ಲ. ತಮ್ಮ ಹೆಸರು ಓದಿಕೊಂಡವರು ಕೂಗುತ್ತಿದ್ದರು. “ನಮ್ಮ ಹುಡುಗನ ಜಾವಳದ್ದು ಇನ್ನೂ ಇಟ್ಟೀರೇನ್ರಿ?” ಎಂದು ಒಬ್ಬರು. “ನಮ್ಮ ಹಿರಿಮಗಳದ್ದು ಬಂತು, ಕಿರಿಮಗಳದ್ದು ಯಾಕ ಬರಲಿಲ್ಲ?” ಎಂದು ಇನ್ನೊಬ್ಬರು. ಕಾಕಾ ಎದೆಯುಬ್ಬಿಸಿ, “ನಮ್ಮಲ್ಲೆ ಶುಭದ್ದು ಯಾವುದೂ ಹೋಗಂಗಿಲ್ಲರೀ, ಸೀರಿ ಮಡಚಿಧಂಗ ಮಡಚಿ ಇಡತೀವಿ,” ಎಂದು ನನ್ನ ಮಾತನ್ನು ತನ್ನದು ಮಾಡಿಕೊಂಡು ಎಲ್ಲರಿಗೂ ಹೇಳಿದ.

ಗಂಟನ್ನು ಮೊದಲು ಫ್ಲಾಪಿಯ ಮೇಲೆ ಕಟ್ಟಿ, ಜಾಗ ಸಿಕ್ಕ ಮೇಲೆ ಯಂತ್ರದೊಳಗೇ ಇಟ್ಟೆ. ಡಿಸ್ಕಿನ ಮುಕ್ಕಾಲು ಪಾಲು ಖಾಲಿಯಾಗಿತ್ತು. ಪಟ್ಟಿಯಿಂದ ನನ್ನದನ್ನು ತೆಗೆದೆ. ಈ ಸಲ ಯಂತ್ರ ಒಪ್ಪಿತು. ಆಮೇಲೆ ನನ್ನ ಶುಭಾಶಯವನ್ನೂ ಗಂಟಿಗೆ ಸೇರಿಸಿದೆ. ನನ್ನ ಹೆಸರಿನ ಎಂಟು ಅಕ್ಷರ ಮೂಡಿ, ‘ಸರಿಸಿದೆ’ ಎಂದು ಬರೆದು, ಪ್ರೋಗ್ರಾಮು ಸುಮ್ಮನಾಯಿತು. ಹಳದಿ ಸಾಲು ಮತ್ತೆ ಓಡಿತು. ಹಲ್ಲಿನ ದವಾಖಾನೆ, ಮೋಟರ್ ರಿಪೇರಿ, ಹುಟ್ಟುಹಬ್ಬ. ಮತ್ತೆ ಹಲ್ಲಿನ ದವಾಖಾನೆ. ಅಷ್ಟು ಸುಂದರವಾದ ಸಾಲನ್ನು ನಾನು ಓದಿರಲಿಲ್ಲ.

ಕಾಕಾ ತಲೆ ಕೆರೆದುಕೊಂಡ. “ಆದ್ರ ಒಂದು ಮಾತು ನೋಡವಾ. ಇಷ್ಟು ದಿವಸ ಬಂದದ್ದು ಈಗ ಬರಲಿಲ್ಲಂದ್ರ ಮಂದಿ ಸಂಬಂಧ ಮುರೀತು ಅಂತಾರ.”

ಇದು ನನಗೆ ಹೊಳೆದಿರಲಿಲ್ಲ. ಇಷ್ಟು ಲೆಕ್ಕ ಹಾಕಿದವಳು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

“ಬೇಕಾರ ಒಂದು ಸಾಲು ಹಾಕಲೇನು?” ಎಂದ ಕಾಕಾ. “‘ಕನ್ಯಾ ಯೋಚನಿ ಮಾಡಾಕತ್ತೈತಿ, ಪ್ರೇಕ್ಷಕರು ಸಹಕರಿಸಬೇಕು’ ಅಂತ?”

“ಬ್ಯಾಡ ಕಾಕಾ! ಏನೂ ಹಾಕಬ್ಯಾಡ!” ಎಂದು ಚೀಲ ಎತ್ತಿಕೊಂಡೆ. ಹಾಗೆ ದನಿ ಏರಿಸಿ ಮಾತಾಡಿದ್ದು ನನಗೆ ಹೊಸದು. ಟೀವಿ ಹೌದು ಎಂದಿತ್ತು, ಈಗ ಟೀವಿಯೇ ಅಲ್ಲ ಎನ್ನುತ್ತಿತ್ತು. ಎರಡೂ ನಾನು ಹೇಳಿದ್ದಲ್ಲ. ಮಸ್ಕಿಯಲ್ಲಿ ಆ ಮನುಷ್ಯ ಎರಡನೆಯದನ್ನೂ ನಂಬುವ ಮೊದಲು ನಾನು ಅಲ್ಲಿರಬೇಕಿತ್ತು.

ಬಸ್ಸಿನಲ್ಲಿ ನನ್ನ ಉತ್ತರವನ್ನು ವಾಕ್ಯವಾಕ್ಯವಾಗಿ ಜೋಡಿಸಿಕೊಂಡೆ. ಮಸ್ಕಿಯಲ್ಲಿ ಇಳಿದು ದನದ ದವಾಖಾನೆ ಕೇಳಿಕೊಂಡು ಹೋದೆ. ಅಂಗಳದಲ್ಲಿ ಕಬ್ಬಿಣದ ಪೈಪುಗಳ ಕಟಾಂಜನದೊಳಗೆ ಒಂದು ಎಮ್ಮೆ ನಿಂತಿತ್ತು. ಅದರ ಮುಂದೆ ಹಗ್ಗ ಹಿಡಿದ ಒಬ್ಬ ಅಜ್ಜಿ. ಗರ್ಭ ಕಟ್ಟಿದೆಯೇ ಎಂದು ತೋರಿಸಲು ಅದನ್ನು ಸಂತೆಕಲ್ಲೂರಿನಿಂದ ಗೂಡ್ಸ್ ಆಟೋದಲ್ಲಿ ತಂದಿದ್ದಳು. ಎಮ್ಮೆಯ ಹಿಂದೆ ಡಾಕ್ಟರು, ಹೆಗಲವರೆಗೆ ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡು, ಒಂದು ಕೈಯನ್ನು ಎಮ್ಮೆಯೊಳಗೆ ಮೊಣಕೈ ದಾಟಿ ಇಳಿಸಿ, ಕಣ್ಣು ಮುಚ್ಚಿ ಏನನ್ನೋ ಹುಡುಕುತ್ತಿದ್ದರು.

ಕಣ್ಣು ತೆರೆದು ನನ್ನನ್ನು ನೋಡಿದರು. ನಮಸ್ಕಾರ ಮಾಡಲು ಕೈ ಖಾಲಿ ಇರಲಿಲ್ಲ.

“ನಿಮ್ಮ ಹೆಸರು ಸರಸ್ಯಾರಂತ ಮುಂಜಾನಿ ಟೀವಿಯಾಗ ನೋಡಿದೆ,” ಎಂದರು. “ಬ್ಯಾಡ ಅಂದ್ರಿ ಅಂತ ತಿಳಕೊಂಡೆ.”

“ಇಲ್ಲರೀ. ಬಂದದ್ದು ನಮ್ಮ ಕಾಕಾನ ಮಾತು. ತಗದದ್ದು ಆ ಮಾತು ತಗ್ಯಾಕ. ನಾ ಇನ್ನೂ ಏನೂ ಹೇಳಿಲ್ಲ.”

“ಖರೇ ಹೇಳಬೇಕಂದ್ರ, ಅದು ಬಂದಾಗ ನನಗ ಸಿಟ್ಟು ಬಂದಿತ್ರಿ,” ಎಂದರು. “ಕೇಳಿದಾಂವ ನಾನು. ಊರಿಗೆಲ್ಲಾ ಹೇಳಿದ್ರಿ, ನನಗ ಹೇಳಲಿಲ್ಲಂತ.”

ಇದನ್ನು ಕೇಳಿ, ಬಸ್ಸಿನಲ್ಲಿ ಜೋಡಿಸಿಕೊಂಡ ವಾಕ್ಯಗಳಲ್ಲಿ ಮೊದಲ ಎರಡು ನನಗೆ ಮರೆತುಹೋದವು. ನಾನು ಅವುಗಳನ್ನು ಹುಡುಕುತ್ತ ನಿಂತೆ. ಅವರೂ ನಿಂತರು. ಅಜ್ಜಿ ಇಬ್ಬರನ್ನೂ ನೋಡಿದಳು.

“ಅದೇನು ಹೇಳೂದೈತಿ, ಲಗೂನ ಹೇಳಿಬಿಡವ್ವಾ. ಅಂವನ ಕೈ ಒಳಗೇ ಐತಿ. ನನ್ನ ಎಮ್ಮಿ ಎಷ್ಟೊತ್ತಂತ ನಿಂದರಬೇಕು?”

“ನಾ ನೌಕರಿ ಬಿಡಂಗಿಲ್ಲರೀ,” ಎಂದೆ, ಮೂರನೆಯ ವಾಕ್ಯದಿಂದ ಶುರುಮಾಡಿ. “ಸಿಂಧನೂರಿಗೆ ದಿನಾ ಹೋಗಿ ಬರತೀನಿ.”

“ಬಸ್ಸ ಅದಾವಲ್ಲರೀ,” ಎಂದರು ಡಾಕ್ಟರು.

“ನಾ ಮಾತು ಕಡಿಮಿ.”

“ನನ್ನ ಪೇಶಂಟ್ ಯಾರೂ ಮಾತಾಡಂಗಿಲ್ಲ. ರೂಢಿ ಐತ್ರಿ.”

ಉಳಿದ ವಾಕ್ಯಗಳ ಅಗತ್ಯ ಕಾಣಲಿಲ್ಲ. “ಹಂಗಾರ ಹೂಂ,” ಎಂದೆ.

“ಗಬ್ಬ ಐತೋ ಇಲ್ಲೋ?” ಎಂದಳು ಅಜ್ಜಿ.

“ಐತಬೇ, ಐತಿ!” ಎಂದರು ಡಾಕ್ಟರು, ಎಮ್ಮೆಗೆ ಬೇಕಾದದ್ದಕ್ಕಿಂತ ಬಹಳ ಜೋರಾಗಿ.

ನನ್ನ ಹೂಂ ಕೇಳಿದವರು ಮೂವರು, ಅವರಲ್ಲಿ ಒಂದು ಎಮ್ಮೆ. ಇಷ್ಟು ಖಾಸಗಿಯಾಗಿ ಒಂದು ಮಾತು ಹೇಳಿದೆನಲ್ಲ ಎಂದು ಸಮಾಧಾನದಿಂದ ಸಿಂಧನೂರಿನ ಬಸ್ಸು ಹತ್ತಿದೆ. ಅಜ್ಜಿಯ ಸೊಸೆಯ ತವರು ಸಿಂಧನೂರಿನ ನಮ್ಮ ಪಕ್ಕದ ಓಣಿ ಎಂಬುದು ನನಗೆ ಗೊತ್ತಿರಲಿಲ್ಲ. ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಅವ್ವ ಸಕ್ಕರೆ ಡಬ್ಬಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಒಂದು ಮುಷ್ಟಿ ನನ್ನ ಬಾಯಿಗೆ ತುಂಬಿದ ಮೇಲೆಯೇ ಮಾತಾಡಿದಳು.

“ಎಮ್ಮಿ ಮುಂದ ಹೇಳಾಕ ಬರತೈತಿ. ಹಡದಾಕಿ ಮುಂದ ಹೇಳಾಕ ಏನಾಗಿತ್ತು ನಿನಗ?”

ಬಾಯಿ ತುಂಬ ಸಕ್ಕರೆ ಇದ್ದುದರಿಂದ ನಾನು ಡಬ್ಬಿ ತೆಗೆದುಕೊಂಡು ಒಂದು ಮುಷ್ಟಿ ಅವಳ ಬಾಯಿಗೂ ತುಂಬಿದೆ.